ರಸಮಟ್ಟನ ಎದೆಯ ಗೆರೆ

ಅವನಿಗೆ ಊರಿನವರು ಇಟ್ಟ ಹೆಸರು ರಸಮಟ್ಟ. ಗೋಡೆ ಸಮ ಇದೆಯೋ ವಾಲಿದೆಯೋ ನೋಡಲು ಗಾರೆಯವರು ಇಟ್ಟುಕೊಳ್ಳುತ್ತಾರಲ್ಲ, ಗಾಜಿನೊಳಗೆ ಗುಳ್ಳೆ ಓಡಾಡುವ ಪಟ್ಟಿ, ಅದರ ಹೆಸರೇ. ಇಟ್ಟವರು ತಮಾಷೆಗೆ ಇಟ್ಟರು. ಆಸಾಮಿ ಅದನ್ನು ಬಿರುದು ಅಂದುಕೊಂಡ. ಬೋರ್ಡು ಬರೆಯುವುದು ಅವನ ಕಸುಬು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ, ಆಮೇಲೆ ‘ಚೆನ್ನಾಗಿದೀರಾ’ ಅನ್ನುತ್ತಿದ್ದ. ಒಮ್ಮೆ ಸಾವಿನ ಮನೆಯಲ್ಲಿ ಎಲ್ಲರೂ ಗೊಳೋ ಅಂತ ಅಳುತ್ತಿದ್ದಾಗ ಇವನು ಎದ್ದು ಹೋಗಿ, ಸತ್ತವರ ಫೋಟೋದ ಬಲತುದಿಯನ್ನು ಅರ್ಧ ಬೆರಳು ಮೇಲೆತ್ತಿ, “ಈಗ ಸರಿಹೋಯ್ತು” ಅಂದಿದ್ದ. ಸತ್ತವರ ಹೆಂಡತಿ ಅಳು ನಿಲ್ಲಿಸಿ ಇವನನ್ನು ದುರುಗುಟ್ಟಿಕೊಂಡು ನೋಡಿದ್ದಳು.

ನಲವತ್ತು ವರ್ಷಗಳಲ್ಲಿ ಅವನು ಅತಿ ಹೆಚ್ಚು ಸಲ ಬರೆದದ್ದು ಎರಡು ಸಾಲು. ಮೇಲೆ ದಪ್ಪಕ್ಷರದಲ್ಲಿ ‘ಧನ್ಯವಾದಗಳು’, ಕೆಳಗೆ ಸಣ್ಣದಾಗಿ ‘ಮತ್ತೆ ಬನ್ನಿ’. ಬಟ್ಟೆ ಅಂಗಡಿ, ಗ್ಯಾರೇಜು, ಕ್ಷೌರದಂಗಡಿ, ಹಲ್ಲು ಕೀಳುವವನ ಕ್ಲಿನಿಕ್ಕು, ಎಲ್ಲ ಕಡೆಯೂ ಹೊರಬಾಗಿಲ ನೆತ್ತಿಯ ಮೇಲೆ ಇವನದೇ ಅಕ್ಷರ. ಆದರೆ ಆ ಮಾತನ್ನು ಬಾಯಿಬಿಟ್ಟು ಒಬ್ಬರಿಗಾದರೂ ಅಂದವನಲ್ಲ. ಮೂವತ್ತೊಂದು ವರ್ಷದಿಂದ ಬಡಿಸುತ್ತಿರುವ ಹೆಂಡತಿಗೆ ಉಪ್ಪು ಕಮ್ಮಿ ಅಂತ ಹೇಳಿದ್ದುಂಟು. ಸರಿಯಾಗಿದ್ದ ದಿನ ಮಾತೇ ಇಲ್ಲ. “ಸರಿಯಾಗಿರೋದನ್ನ ಹೇಳೋದೇನಿದೆ? ಅದು ಇರ್ಬೇಕಾದ್ದೇ ಹಾಗೆ” ಅನ್ನುವುದು ಅವನ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ.

ಇಂಥವನಿಗೆ ಒಬ್ಬ ತಮ್ಮ. ಅವನೂ ಬೋರ್ಡು ಬರೆಯುವವನೇ. ಅಪ್ಪ ಹೋದ ಮೇಲೆ ಅಂಗಡಿ ಪಾಲಾಯಿತು. ಇದ್ದದ್ದೇ ಒಂದು ಕೋಣೆ. ತಮ್ಮ ಕುಂಚ ಅದ್ದಿ ನೆಲದ ಮೇಲೆ, ಹಿಂಗೋಡೆಯಿಂದ ಹೊಸಿಲಿನವರೆಗೆ ಒಂದು ಬಿಳಿ ಗೆರೆ ಎಳೆದ. ರಸಮಟ್ಟ ತನ್ನ ಮೂಲೆಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ, “ಎರಡು ಬೆರಳು ನನ್ನ ಕಡೆ ವಾಲಿಸಿದೀಯ” ಅಂದ. ತಮ್ಮ, “ಅಳೆದು ನೋಡು” ಅಂದ. “ನನ್ನ ಕಣ್ಣಿಗಿಂತ ಟೇಪು ಬೇಕೇನೋ?” ಅಂದ ಇವನು. ಮಾತು ಅಲ್ಲಿಗೆ ನಿಂತಿತು. ಒಂಬತ್ತು ವರ್ಷ ನಿಂತಿತು.

ಒಂಬತ್ತು ವರ್ಷವೂ ಇಬ್ಬರೂ ಅದೇ ಕೋಣೆಯಲ್ಲಿ ಗೆರೆಯ ಆಚೆ ಒಬ್ಬ, ಈಚೆ ಒಬ್ಬ ಕೂತು ಕೆಲಸ ಮಾಡಿದರು. ಇದ್ದ ಒಂದೇ ಏಣಿ ಸೋಮ, ಬುಧ, ಶುಕ್ರ ಅಣ್ಣನದು. ಮಂಗಳ, ಗುರು, ಶನಿ ತಮ್ಮನದು. ಭಾನುವಾರ ಏಣಿಗೂ ರಜೆ. ಫ್ಯಾನು ಸರಿಯಾಗಿ ಗೆರೆಯ ನೆತ್ತಿಯ ಮೇಲೆ, ಸ್ವಿಚ್ಚು ಮಾತ್ರ ತಮ್ಮನ ಕಡೆ. ರಸಮಟ್ಟನಿಗೆ ಸೆಖೆಯಾದರೆ ಎರಡು ಸಲ ಕೆಮ್ಮುತ್ತಿದ್ದ. ತಮ್ಮ ತನಗೇ ಸೆಖೆಯಾದವನ ಹಾಗೆ ಎದ್ದು ಸ್ವಿಚ್ಚು ಹಾಕುತ್ತಿದ್ದ. ಇದು ಮಾತಲ್ಲವಾದ್ದರಿಂದ ಹಠಕ್ಕೆ ಭಂಗ ಬರಲಿಲ್ಲ.

ರೋಗ ಪತ್ತೆಯಾದದ್ದೂ ಆ ಫ್ಯಾನಿನಿಂದಲೇ. ಆ ವರ್ಷ ಚಳಿ ಹಲ್ಲು ಕಟಕಟ ಅನ್ನಿಸುವಂತಿತ್ತು. ಒಂದು ಬೆಳಿಗ್ಗೆ ತಮ್ಮ, ಅಣ್ಣ ಇಲ್ಲದ ಹೊತ್ತು ನೋಡಿಕೊಂಡು ಅತ್ತಿಗೆಯ ಹತ್ತಿರ ಬಂದ.

“ಅತ್ತಿಗೆ, ಈ ಚಳೀಲಿ ದಿನಕ್ಕೆ ಮೂವತ್ತು ಸಲ ಫ್ಯಾನು ಹಾಕ್ತಿದೀನಿ. ನನ್ನ ಮೂಗು ಸೋರಿ ಸೋರಿ ಸಾಕಾಯ್ತು. ಅವನು ಕೆಮ್ಮೋದು ಸೆಖೆಗಲ್ಲ. ನೀರು ಕುಡಿದ್ರೂ ನೆತ್ತಿಗೆ ಹತ್ತುತ್ತೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಹೇಳ್ದೆ ಅನ್ಬೇಡಿ, ಹಠಕ್ಕೆ ಬಿದ್ದು ಹೋಗಲ್ಲ.”

ಹೋದರು. ಅನ್ನನಾಳದಲ್ಲಿ ಗಡ್ಡೆ, ಅದು ಕ್ಯಾನ್ಸರು ಅಂತಾಯಿತು. ಇಪ್ಪತ್ತೈದು ಸಲ ಕರೆಂಟು, ಅಂದರೆ ಗಡ್ಡೆ ಸುಡುವ ವಿಕಿರಣ, ಕೊಡಬೇಕು, ವಾರಕ್ಕೆ ಐದು ದಿನ, ನಡುವೆ ಬಿಡುವ ಹಾಗಿಲ್ಲ ಅಂದರು ಡಾಕ್ಟರಮ್ಮ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು ಅಪ್ಪನ ಕೈ ಹಿಡಿದಳು. ರಸಮಟ್ಟ ಡಾಕ್ಟರಮ್ಮನ ಹಿಂದಿದ್ದ ಗಡಿಯಾರ ನೋಡುತ್ತಾ, “ಅದು ಎಡಕ್ಕೆ ವಾಲಿದೆ” ಅಂದ. ಭಯ ಅವನಿಗೆ ಹಾಗೆ ಬರುತ್ತಿತ್ತು.

ಕರೆಂಟು ಕೊಡುವ ಮೊದಲು ಎದೆಯ ಮೇಲೆ ಗುರುತು ಹಾಕುತ್ತಾರೆ. ಮಲಗಿಸಿ, ಗೋಡೆಗಳಿಂದ ಬರುವ ಕೆಂಪು ಬೆಳಕಿನ ನೇರಕ್ಕೆ ಪೆನ್ನಿನಿಂದ ಒಂದು ಉದ್ದ ಗೆರೆ, ಮೂರು ಕಡೆ ಕೂಡಿಸುವ ಚಿಹ್ನೆ. ಯಂತ್ರದ ಹುಡುಗಿ ಸರಸರನೆ ಗೀಚಿ ಮುಗಿಸಿದಳು. “ಇದು ಅಳಿಸ್ಬಾರ್ದು ಸಾರ್. ಸೋಪು ಮುಟ್ಟಿಸ್ಬೇಡಿ, ಉಜ್ಜಬೇಡಿ. ಹೋಯ್ತು ಅಂದ್ರೆ ಎಲ್ಲಾ ಮೊದಲಿಂದ.”

ನಾಲ್ಕು ಸಲ ಕರೆಂಟು ಆಯಿತು. ಐದನೆಯ ದಿನ ಯಂತ್ರ ಕೆಟ್ಟು ರಜೆ ಕೊಟ್ಟರು. ರಸಮಟ್ಟ ಮನೆಯಲ್ಲಿ ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಂತ. ನೋಡಬಾರದಿತ್ತು, ನೋಡಿಬಿಟ್ಟ. ಗೆರೆ ಡೊಂಕು! ಕೊರಳ ಕೆಳಗೆ ಹೊರಟದ್ದು ಹೊಟ್ಟೆಗೆ ಬರುವಷ್ಟರಲ್ಲಿ ಒಂದು ಬೆರಳು ಆಚೆಗೆ. ಚಿಹ್ನೆಗಳಂತೂ ಒಂದೊಂದು ಒಂದೊಂದು ದಿಕ್ಕಿಗೆ. ಇಡೀ ಊರಿನ ಬೋರ್ಡು ನೆಟ್ಟಗೆ ಮಾಡಿದವನ ಸ್ವಂತ ಎದೆ ಹೀಗಾ? ಎರಡು ದಿನ ತಡೆದುಕೊಂಡ. ಭಾನುವಾರ ಹೆಂಡತಿ, ಮಗಳು ಹೊರಗೆ ಹೋದದ್ದೇ ತಡ, ಟರ್ಪಂಟೈನಿನಲ್ಲಿ ಬಟ್ಟೆ ಅದ್ದಿ ಹಳೆಯ ಗೆರೆಯನ್ನೆಲ್ಲ ಒರೆಸಿದ. ಎರಡು ಮೊಳೆಗೆ ದಾರ ಕಟ್ಟಿದ. ರಸಮಟ್ಟವನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗುಳ್ಳೆ ನಡುಮಧ್ಯ ಬರುವವರೆಗೆ ಉಸಿರು ಬಿಗಿಹಿಡಿದ. ಆಮೇಲೆ ಬೋರ್ಡಿಗೆ ಹಚ್ಚುವ ಕಪ್ಪು ಎನಾಮಲ್ಲಿನಲ್ಲಿ ಹೊಸ ಗೆರೆ ಎಳೆದ. ಕೈ ಸುಮ್ಮನಿರಲಿಲ್ಲ; ಮೂರು ಚಿಹ್ನೆಗಳಿಗೂ ಬಲಗಡೆ ತೆಳ್ಳಗೆ ಬೂದು ಬಣ್ಣದ ನೆರಳೂ ಕೊಟ್ಟ.

ಸೋಮವಾರ ಯಂತ್ರದ ಕೋಣೆಯಲ್ಲಿ ಅಂಗಿ ಬಿಚ್ಚಿದಾಗ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು. ಪಕ್ಕದ ಕೋಣೆಯವರನ್ನು ಕರೆದಳು. ಅವರು ಇನ್ನಿಬ್ಬರನ್ನು ಕರೆದರು. ಒಬ್ಬ ನರ್ಸು, “ಎಷ್ಟು ಚೆನ್ನಾಗಿದೆ ಅಲ್ವಾ!” ಅಂದಳು. ರಸಮಟ್ಟ ಮಲಗಿದ್ದಲ್ಲೇ ಹೆಮ್ಮೆಯಿಂದ ಎದೆ ಉಬ್ಬಿಸಿದ.

“ಚೆನ್ನಾಗೇನೋ ಇದೆ ಸಾರ್,” ಅಂದಳು ಹುಡುಗಿ, “ಆದ್ರೆ ಗಡ್ಡೆ ಅಲ್ಲಿಲ್ಲ.”

ಡಾಕ್ಟರಮ್ಮ ಬಂದವರು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. “ನಿಮ್ಮ ಗಡ್ಡೆ ಎಲ್ಲಿದೆ ಅಂತ ಮೆಷಿನ್ನಿಗೆ ಗೊತ್ತಾಗೋದು ಈ ಗೆರೆಯಿಂದ. ಇದು ವಿಳಾಸ. ನೀವು ವಿಳಾಸ ತಿದ್ದಿದ್ರಿ. ಪಕ್ಕದ ಮನೇಲಿ ಯಾರಿದಾರೆ ಗೊತ್ತಾ? ಹೃದಯ. ಈಗ ಮತ್ತೆ ಸ್ಕ್ಯಾನು, ಮತ್ತೆ ಲೆಕ್ಕ, ನಾಲ್ಕು ದಿನ ಹಾಳು. ಇನ್ನೊಂದು ಸಲ ಹೀಗೆ ಕರೆಂಟು ನಿಂತ್ರೆ ಆ ಗಡ್ಡೆಗೆ ನೀವೇ ಸುಧಾರಿಸ್ಕೊಳ್ಳೋಕೆ ಟೈಮ್ ಕೊಟ್ಟ ಹಾಗೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ.”

“ಗೆರೆ ಡೊಂಕಿತ್ತು” ಅಂದ ರಸಮಟ್ಟ ಮೆಲ್ಲಗೆ.

“ಗೆರೆ ನೆಟ್ಟಗೇ ಇತ್ತು ಸಾರ್,” ಅಂದಳು ಹುಡುಗಿ. “ನೀವೇ ವಾಲಿದೀರ. ಕೈ ಮೇಲೆತ್ತಿ ಬರೆದು ಬರೆದು ಬಲಭುಜ ಒಂದು ಇಂಚು ಮೇಲಿದೆ. ಕನ್ನಡೀಲಿ ನೋಡಿದ್ರೆ ಗೆರೆ ವಾಲಿದ ಹಾಗೇ ಕಾಣುತ್ತೆ.”

ಆ ದಿನ ಮನೆಗೆ ಬರುವ ದಾರಿಯಲ್ಲಿ ಅವನಿಗೆ ಸೊಟ್ಟಗೆ ನೇತುಹಾಕಿದ್ದ ಮೂರು ಬೋರ್ಡು ಸಿಕ್ಕವು. ಒಂದಕ್ಕೂ ಬಾಯಿ ಹಾಕಲಿಲ್ಲ. ಹೆಂಡತಿಗೆ ಅದನ್ನು ನೋಡಿ ಗಡ್ಡೆ ಅಂದಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಹೊಸ ಗುರುತು ಹಾಕಿದರು. ಈ ಸಲ ಇನ್ನೊಂದು ತೊಡಕು ಬಂತು. ಟರ್ಪಂಟೈನು ತಿಂದ ಚರ್ಮ. ಗೆರೆ ಕಾಪಾಡಲು ಮೇಲೆ ಅಂಟಿಸುವ ಟೇಪು ಹಾಕಿದರೆ ಬೊಬ್ಬೆ ಏಳುತ್ತಿತ್ತು. ಟೇಪಿಲ್ಲದಿದ್ದರೆ ಬೆವರಿಗೆ ಗೆರೆ ಬೆಳಗಾಗುವಷ್ಟರಲ್ಲಿ ಮಸುಕು. ಡಾಕ್ಟರಮ್ಮ ಯೋಚಿಸಿ, ಆಸ್ಪತ್ರೆಯ ಪೆನ್ನು ಕೊಟ್ಟು, “ದಿನಾ ಸಾಯಂಕಾಲ ಇದೇ ಗೆರೆ ಮೇಲೆ ತಿದ್ದಿ. ಒಂದು ಕೂದಲು ಆಚೆ ಈಚೆ ಆಗ್ಬಾರ್ದು. ಇವರ ಕೈಗೆ ಮಾತ್ರ ಪೆನ್ನು ಕೊಡ್ಬೇಡಿ. ಮನೇಲಿ ಯಾರ ಕೈ ಗಟ್ಟಿ?” ಅಂದರು.

ಹೆಂಡತಿಯ ಕೈ ನಡುಗಿತು. ಗಂಡನ ಪ್ರಾಣದ ಮೇಲೆ ಗೆರೆ ಎಳೆ ಅಂದರೆ ಯಾರ ಕೈ ನಡುಗುವುದಿಲ್ಲ? ಮಗಳು ಪೆನ್ನು ಮುಟ್ಟಿಸಿದ ಕೂಡಲೇ ಅಪ್ಪ ಕಚಗುಳಿಗೆ ಕುಲುಕಿ, ಅವಳು ನಕ್ಕು, ಆಮೇಲೆ ಪೆನ್ನು ಕೆಳಗಿಟ್ಟು ಅತ್ತಳು. ಊರಿನಲ್ಲಿ ದಾರವಿಲ್ಲದೆ, ಪಟ್ಟಿಯಿಲ್ಲದೆ, ಇದ್ದ ಗೆರೆಯ ಮೇಲೆ ಇದ್ದ ಹಾಗೇ ಗೆರೆ ಎಳೆಯಬಲ್ಲ ಕೈ ಒಂದೇ ಇತ್ತು. ಅದು ಯಾರದೆಂದು ಮೂವರಿಗೂ ಗೊತ್ತಿತ್ತು.

“ಅವನಾ? ನೆಲದ ಮೇಲೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರದವನು!” ಅಂದ ರಸಮಟ್ಟ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಅಂದಳು ಹೆಂಡತಿ. ಮೂವತ್ತೊಂದು ವರ್ಷದಲ್ಲಿ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. “ನಿಮ್ಮನ್ನ ಆಸ್ಪತ್ರೆಗೆ ಕಳಿಸಿದ್ದು ನಾನು ಅಂದ್ಕೊಂಡ್ರಾ? ಚಳೀಲಿ ನಿಮಗೋಸ್ಕರ ಫ್ಯಾನು ಹಾಕಿ ಹಾಕಿ ನೆಗಡಿ ಹಿಡಿಸ್ಕೊಂಡು ಬಂದು ಹೇಳಿದ್ದು ಅವನು. ನಿಮ್ಮ ಹಠ ನೀವೇ ಇಟ್ಕೊಳ್ಳಿ, ನನಗೆ ಗಂಡ ಬೇಕು. ಹೋಗೇ, ಚಿಕ್ಕಪ್ಪನ್ನ ಕರ್ಕೊಂಡ್ ಬಾ.”

ತಮ್ಮ ಬಣ್ಣದ ಡಬ್ಬಿಯ ಸಮೇತ ಬಂದ. ಬರುವ ದಾರಿಯಲ್ಲೇ ಆಸ್ಪತ್ರೆಗೆ ಹೋಗಿ, ಹುಡುಗಿಯ ಮುಂದೆ ಕಾಗದದ ಮೇಲೆ ಹತ್ತು ಸಲ ತಿದ್ದಿ ತೋರಿಸಿ ಒಪ್ಪಿಗೆ ಪಡೆದಿದ್ದ. ಮಂಚದ ಪಕ್ಕ ಮಂಡಿಯೂರಿದ. ಅಣ್ಣನ ಮುಖ ನೋಡಲಿಲ್ಲ, ಎದೆ ಮಾತ್ರ ನೋಡಿದ.

“ಅತ್ತಿಗೆ, ಉಸಿರು ಹಿಡ್ಕೊಳ್ಳೋಕೆ ಹೇಳಿ.”

“ರೀ, ಉಸಿರು ಹಿಡ್ಕೊಳ್ಳಿ.”

“ಹಿಡ್ಕೊಂಡಿದೀನಿ ಅಂತ ಹೇಳು.”

“ಹಿಡ್ಕೊಂಡಿದಾರಂತೆ.”

“ಮಾತಾಡಿದ್ರೆ ಉಸಿರು ಹೋಗುತ್ತೆ ಅಂತ ಹೇಳಿ ಅತ್ತಿಗೆ.”

ಹೀಗೆ ಒಂದು ಗೇಣಿನ ಅಂತರಕ್ಕೆ ಮೂರು ಜನ ಬೇಕಾಗುತ್ತಿತ್ತು. ಹೆಂಡತಿಗೆ ಒಲೆಯ ಮೇಲಿನ ಹಾಲು ಎರಡು ಸಲ ಉಕ್ಕಿತು. ಆದರೆ ಗೆರೆ? ರಸಮಟ್ಟ ಗಲ್ಲ ಎದೆಗೆ ಒತ್ತಿ ನೋಡಿದ. ಹುಡುಗಿ ಎಲ್ಲಿ ಬಾಗಿಸಿದ್ದಳೋ ಅಲ್ಲೇ ಬಾಗಿತ್ತು, ಎಲ್ಲಿ ದಪ್ಪವಾಗಿತ್ತೋ ಅಲ್ಲೇ ದಪ್ಪ. ತಾನಾಗಿದ್ದರೆ ತಿದ್ದದೆ ಬಿಡುತ್ತಿರಲಿಲ್ಲ. ಇನ್ನೊಬ್ಬರ ಗೆರೆಯನ್ನು ಇದ್ದ ಹಾಗೆ ಬಿಡುವುದೂ ಒಂದು ಕಸುಬು ಅನ್ನುವುದು ಅವನಿಗೆ ಅಂದು ಮೊದಲ ಸಲ ಹೊಳೆಯಿತು. ಹೊಳೆದದ್ದನ್ನು ಹೇಳಲಿಲ್ಲ, ಬಿಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಇಲ್ಲಿ ದಿನಾ ಆಸ್ಪತ್ರೆಯಲ್ಲಿ ಸುಡುತ್ತಲೇ ಇದ್ದರು.

ದಿನಾ ಸಂಜೆ ಆರಕ್ಕೆ ತಮ್ಮ ಬರುತ್ತಿದ್ದ. ತಿದ್ದಿ, ಡಬ್ಬಿಯ ಮುಚ್ಚಳದ ಒಳಗೆ ಕರೆಂಟಿನ ದಿನಕ್ಕೊಂದು ಗೀಟು ಹಾಕಿಕೊಂಡು ಹೋಗುತ್ತಿದ್ದ. ಎರಡನೆಯ ವಾರ ಹೆಂಡತಿ ಮಾತು ಸಾಗಿಸುವ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. “ನನಗೆ ಗಂಜಿ ಸೋಸೋದಿದೆ. ಆ ಸ್ಟೂಲಿಗೆ ಹೇಳ್ಕೊಳ್ಳಿ” ಎಂದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ಅವಳು ಸಿಟ್ಟಿನಿಂದ ಅಂದದ್ದು. ಆದರೆ ಅಣ್ಣತಮ್ಮಂದಿರು ಇಬ್ಬರೂ ತಿರುಗಿ ಸ್ಟೂಲನ್ನು ನೋಡಿದರು. ಮೂರು ಕಾಲಿನ ಮರದ ಸ್ಟೂಲು, ಮೇಲೆ ಮಾತ್ರೆಯ ಡಬ್ಬಿ, ಒಂದು ಲೋಟ ನೀರು.

“ಸ್ಟೂಲೇ,” ಅಂದ ತಮ್ಮ, ಗಂಟಲು ಸರಿಮಾಡಿಕೊಂಡು, “ಉಸಿರು ಹಿಡ್ಕೊಳ್ಳೋಕೆ ಹೇಳು.”

“ಸ್ಟೂಲೇ, ಹಿಡ್ಕೊಂಡಿದೀನಿ ಅನ್ನು.”

ಆಹಾ, ಎಂಥ ಮಧ್ಯಸ್ಥ! ಹೇಳಿದ್ದಕ್ಕೆ ಒಂದು ಅಕ್ಷರ ಸೇರಿಸುವುದಿಲ್ಲ, ಬಿಡುವುದಿಲ್ಲ. ಅತ್ತಿಗೆಯ ಮುಂದೆ ಹೇಳಲಾಗದ್ದನ್ನೂ ಅದಕ್ಕೆ ಹೇಳಬಹುದಿತ್ತು. ಸ್ಟೂಲಿನ ಮೂಲಕ ತಮ್ಮ ಅಂಗಡಿಯ ಸುದ್ದಿ ತಿಳಿಸಿದ. ಏಣಿ ಈಗ ಆರೂ ದಿನ ತನ್ನದೇ, ಆದರೆ ಸೋಮ, ಬುಧ, ಶುಕ್ರ ಏರಲು ಮನಸ್ಸಾಗುವುದಿಲ್ಲ ಅಂದ. ಸ್ಟೂಲಿನ ಮೂಲಕ ರಸಮಟ್ಟ ತನಗೆ ನುಂಗುವಾಗ ಬೆಂಕಿ ಇಳಿದ ಹಾಗಾಗುತ್ತದೆ ಅಂದ. ಹೆಂಡತಿ ಒಂದು ಲೋಟ ಗಂಜಿ ಕುಡಿಸಲು ಒಂದು ಗಂಟೆ ಪಕ್ಕದಲ್ಲೇ ಕೂರುತ್ತಾಳೆ, ಅವಳ ಪಾಲಿನ ಊಟ ತಣ್ಣಗಾಗಿರುತ್ತದೆ, ಇದನ್ನು ಇಷ್ಟು ವರ್ಷ ನೋಡಿಯೇ ಇರಲಿಲ್ಲ ಅಂದ. ರಾತ್ರಿ ಸತ್ತುಹೋದರೆ ಅಂತ ಹೆದರಿಕೆಯಾಗುತ್ತದೆ ಅನ್ನುವುದನ್ನೂ ಅಂದ. ತಮ್ಮ ಸ್ಟೂಲಿನ ಕಡೆ ನೋಡುತ್ತಾ, “ಹಾಗೆಲ್ಲಾ ಆಗಲ್ಲ ಅಂತ ಹೇಳು, ಗೆರೆ ಸರಿಯಾಗೇ ಇದೆ” ಅಂದ. ಬಾಗಿಲ ಸಂದಿಯಿಂದ ಮಗಳು ಇದನ್ನೆಲ್ಲ ನೋಡಿ, ಅಮ್ಮನ ಹತ್ತಿರ ಹೋಗಿ, “ಅಮ್ಮ, ಅಪ್ಪನಿಗೆ ಅನ್ನನಾಳದ್ದು ಒಂದೇ ತೊಂದರೆ ಅಂದ್ರಲ್ಲಾ, ತಲೆ ಸ್ಕ್ಯಾನ್ ಮಾಡಿದ್ರಾ?” ಅಂತ ಕೇಳಿದಳು.

ನಾಲ್ಕನೆಯ ವಾರ ಒಂದು ಸಂಜೆ ರಸಮಟ್ಟ ಕೇಳಿದ.

“ಸ್ಟೂಲೇ, ಅಂಗಡಿ ಗೆರೆ ನೆಟ್ಟಗೇ ಇತ್ತಾ, ಕೇಳು. ನಾನೇ ವಾಲಿ ನಿಂತು ನೋಡಿದ್ನೇನೋ.”

ತಮ್ಮ ಪೆನ್ನಿನ ಮುಚ್ಚಳ ಹಾಕಿದ.

“ಇಲ್ಲ ಅಂತ ಹೇಳು. ಅದು ವಾಲೇ ಇದೆ. ಎರಡು ಬೆರಳು. ನನ್ನ ಕಡೆಗೆ. ಅವನ ಮೇಜು ಅಗಲ, ಮೊಣಕೈ ಗೋಡೆಗೆ ತಾಗುತ್ತೆ, ಇರ್ಲಿ ಅಂತ ಬೇಕಂತಲೇ ಹಾಗೆ ಎಳೆದಿದ್ದು. ಅಳೆದು ನೋಡು ಅಂದಿದ್ದೆ. ನೋಡ್ಲಿಲ್ಲ.”

ರಸಮಟ್ಟ ಸ್ಟೂಲಿಗೆ ಹೇಳಲು ಒಂದು ಮಾತು ಹುಡುಕಿದ. ನಲವತ್ತು ವರ್ಷ ಬರೆದ ಮಾತು ಅದು. ದೀರ್ಘ, ಒತ್ತು, ಕೊಂಬು ಎಲ್ಲ ಕಣ್ಣ ಮುಂದೆ ಬಂದು ನಿಂತವು. ಗಂಟಲಿನಿಂದ ಮಾತ್ರ ಹೊರಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ತಮ್ಮ ನೀರಿನ ಲೋಟವನ್ನು ಕೈಗೆಟಕುವ ಹಾಗೆ ಸರಿಸಿಟ್ಟು ಹೊರಟುಹೋದ.

ಕೊನೆಗೂ ಇಪ್ಪತ್ತೈದು ತುಂಬಿತು. ಡಾಕ್ಟರಮ್ಮ, “ಅರ್ಧಕ್ಕಿಂತ ಜಾಸ್ತಿ ಕುಗ್ಗಿದೆ. ಮೂರು ತಿಂಗಳು ಬಿಟ್ಟು ನೋಡೋಣ, ನನಗೆ ಭರವಸೆ ಇದೆ” ಅಂದರು. ಹುಡುಗಿ, “ಇನ್ನು ಗೆರೆ ತೊಳ್ಕೊಳ್ಳಿ ಸಾರ್, ನಿಧಾನಕ್ಕೆ” ಅಂದಳು. ಮಧ್ಯಾಹ್ನ ಹೆಂಡತಿ ಎಣ್ಣೆಯಲ್ಲಿ ಹತ್ತಿ ಅದ್ದಿ, ಕಪ್ಪಾಗಿ ಸುಟ್ಟ ಚರ್ಮಕ್ಕೆ ನೋವಾಗದಂತೆ ಒತ್ತಿ ಒತ್ತಿ ಗೆರೆ ತೆಗೆದಳು. ಆಮೇಲೆ ಎಷ್ಟೋ ವಾರದ ನಂತರ ಎದೆಯ ಮೇಲೆ ನೀರು ಹಾಕಿದಳು.

“ನೀರು ಹದವಾಗಿದೆ ಕಣೇ,” ಅಂದ ರಸಮಟ್ಟ.

ಹೆಂಡತಿ ಚೊಂಬು ಕೆಳಗಿಟ್ಟು, ಜ್ವರ ಬಂದಿದೆಯಾ ಎಂದು ಅವನ ಹಣೆ ಮುಟ್ಟಿ ನೋಡಿದಳು.

ಸಂಜೆ ಆರಕ್ಕೆ ತಮ್ಮ ಬಂದ. ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮುಚ್ಚಳದಲ್ಲಿ ಇಪ್ಪತ್ತೊಂದೇ ಗೀಟು ಇತ್ತು. ತಾನು ಬರುವ ಮೊದಲೇ ಆಗಿದ್ದ ನಾಲ್ಕು ಸಲವನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಂದಿನಂತೆ ಮಂಡಿಯೂರಿ ಪೆನ್ನು ತೆಗೆದ. ಅಣ್ಣನ ಅಂಗಿ ಸರಿಸಿದ. ಎದೆ ಖಾಲಿ. ಒಂದು ಗುರುತೂ ಇಲ್ಲ.

“ಅಣ್ಣಾ! ಏನ್ ಮಾಡ್ಕೊಂಡ್ಯೋ! ಮತ್ತೆ ಒರೆಸಿಬಿಟ್ಯಾ? ಇನ್ನೂ ನಾಲ್ಕು ದಿನ ಇತ್ತಲ್ಲೋ! ನಿನಗೆ ಬುದ್ಧಿ ಇದೆಯಾ? ಸತ್ತು ಹೋಗ್ತೀಯ, ನನ್ನ ಬಿಟ್ಟು ಸತ್ತು ಹೋಗ್ತೀಯ, ಕೇಳಿಸ್ತಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಒಂಬತ್ತು ವರ್ಷದ ನಂತರದ ಮೊದಲ ಮಾತು ಬೈಗುಳವಾಗಿ ಬಂದಿತ್ತು. ರಸಮಟ್ಟ ಅಭ್ಯಾಸಬಲದಿಂದ ಸ್ಟೂಲಿನ ಕಡೆ ತಿರುಗಿದ. ಆಮೇಲೆ ಈ ಕಡೆ ತಿರುಗಿದ.

“ಮುಗೀತು ಕಣೋ. ಇವತ್ತಿಗೆ ಇಪ್ಪತ್ತೈದು. ಅವರೇ ತೊಳ್ಕೊಳ್ಳಿ ಅಂದ್ರು. ಕುಗ್ಗಿದೆಯಂತೆ.”

ತಮ್ಮ ಮಾತ್ರೆಯ ಡಬ್ಬಿಯನ್ನೂ ನೀರಿನ ಲೋಟವನ್ನೂ ನೆಲಕ್ಕಿಟ್ಟು, ಆ ಸ್ಟೂಲಿನ ಮೇಲೇ ಕುಸಿದು ಕೂತ. ಎರಡು ಕೈಯಿಂದ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ರಸಮಟ್ಟನೂ ಅತ್ತ. ಮಾತು ಸಾಗಿಸುವವರು ಯಾರೂ ಉಳಿದಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತಮ್ಮ ಮೂಗು ಒರೆಸಿಕೊಂಡು, ಪೆನ್ನನ್ನು ಮಂಚದ ಮೇಲಿಟ್ಟು ಎದ್ದ. ಇನ್ನು ಇಲ್ಲಿ ತನಗೇನು ಕೆಲಸ ಅನ್ನುವ ಹಾಗೆ ಬಣ್ಣದ ಡಬ್ಬಿ ಎತ್ತಿಕೊಂಡು ಹೊಸಿಲು ದಾಟಿದ. ರಸಮಟ್ಟನಿಗೆ ಆಗ ಹೊಳೆಯಿತು: ಗೆರೆ ಹೋಯಿತು, ನಾಳೆ ಆರು ಗಂಟೆಗೆ ಬರಲು ಇವನಿಗೆ ಕಾರಣವೂ ಹೋಯಿತು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದ.

“ಮತ್ತೆ ಬಾರೋ!” ಎಂದು ಕೂಗಿದ.

ಬೀದಿಯ ನಡುವೆ ತಮ್ಮ ನಿಂತು ತಿರುಗಿದ. ಆ ಬೋರ್ಡನ್ನು ಅವನೂ ಸಾವಿರ ಸಲ ಬರೆದವನೇ.

“ಮೇಲಿನ ಸಾಲು ಬಿಟ್ಟೋಯ್ತಲ್ಲಣ್ಣ!”

ಎದುರುಮನೆಯ ಹೆಂಗಸು ಕಿಟಕಿಯಿಂದ ಇಣುಕಿದಳು. ಸೈಕಲ್ಲಿನವನೊಬ್ಬ ಕಾಲೂರಿ ನಿಂತ. ಒಳಗಿನಿಂದ ಹೆಂಡತಿ, ಮಗಳು ಓಡಿಬಂದು ಬೆನ್ನ ಹಿಂದೆ ನಿಂತರು. ರಸಮಟ್ಟ ಬಾಗಿಲ ಚೌಕಟ್ಟಿಗೆ ವಾಲಿಕೊಂಡು, ಸುಟ್ಟ ಗಂಟಲಿನಲ್ಲಿ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ:

“ಧನ್ಯವಾದ ಕಣೋ, ಕತ್ತೆ!”

“ನಾಳೆ ಆರಕ್ಕೆ ಬರ್ತೀನಿ,” ಅಂದ ತಮ್ಮ.